ನೂರಿಪ್ಪತ್ತರ ಬೋರ್ಡು, ನೂರನಲವತ್ತರ ಗಾಡಿ

ಜಪಾನಿನಿಂದ ಬಂದು ಇಪ್ಪತ್ತಾರು ದಿನವಾಯಿತು. ಇಷ್ಟು ದಿನದಲ್ಲಿ ಅರವತ್ತಮೂರು ಜನ ಆ ದೇಶದ ಬಗ್ಗೆ ನನ್ನನ್ನು ಕೇಳಿದ್ದಾರೆ. ಊಟ ಹೇಗಿತ್ತು ಎಂದವರು ಒಂಬತ್ತು, ಚಳಿ ಹೇಗಿತ್ತು ಎಂದವರು ಐದು, ಭೂಮಿ ನಡುಗಿತೇ ಎಂದವರು ಇಬ್ಬರು. ಉಳಿದ ನಲವತ್ತೇಳು ಜನರದು ಒಂದೇ ಪ್ರಶ್ನೆ: ಎಷ್ಟರಲ್ಲಿ ಓಡಿಸಿದೆ?

ನಾನು ಉತ್ತರ ಹೇಳಿದೊಡನೆ ಮಳವಳ್ಳಿ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಮುಖಗಳು ಸಪ್ಪಗಾಗುತ್ತವೆ. "ಅಷ್ಟೇನಾ? ಅದ್ಕೆ ಜಪಾನ್‌ಗಂಟ ಓಗ್ಬೇಕಿತ್ತಾ?" ಎನ್ನುತ್ತಾರೆ. ಹೌದು, ಅಷ್ಟೇ. ಅದಕ್ಕಾಗಿಯೇ ಅಲ್ಲಿಯವರೆಗೂ ಹೋಗಬೇಕಾಯಿತು. ಆ ನಲವತ್ತೇಳು ಜನರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪೂರ್ತಿ ಓದಿದ ಮೇಲೂ ಸಪ್ಪೆ ಎನಿಸಿದರೆ ಎನಿಸಲಿ.

ಹೊರಡುವ ಮುಂಚೆ: ಮಳವಳ್ಳಿ

ನನ್ನ ಸೋದರಮಾವ ನಂಜೇಗೌಡರಿಗೆ ಹಳದಿ ಬೋರ್ಡಿನ ಎರಡು ಕಾರುಗಳಿವೆ. ಚಿಕ್ಕದನ್ನು ನಾಲ್ಕು ವರ್ಷದಿಂದ ನಾನು ಓಡಿಸುತ್ತೇನೆ. ಕಿರುಗಾವಲು, ಹಲಗೂರು, ಬ್ಲಫ್‌ನಲ್ಲಿರುವ ವಿದ್ಯುತ್ ಕೇಂದ್ರದ ವಸತಿಗಳು, ಅಲ್ಲಿಂದ ಆಸ್ಪತ್ರೆ, ಮದುವೆ ಮನೆ, ಶಾಲೆ. ಹಿಂದೆ ಡಿಕ್ಕಿ ಇರುವ ದೊಡ್ಡ ಕಾರು ಮಾವನದು. ಮಂಡ್ಯ, ಮದ್ದೂರಿನ ಗಿರಾಕಿಗಳನ್ನು ಹತ್ತಿಸಿಕೊಂಡು ಹೊಸ ಹೆದ್ದಾರಿಯಲ್ಲಿ ಬೆಂಗಳೂರಿಗೆ ಹೋಗುವುದು ಅದರ ಕೆಲಸ. ನನಗೆ ಬೇಕಿದ್ದದ್ದು ಆ ದಾರಿ. ಎರಡು ವರ್ಷದಲ್ಲಿ ಹನ್ನೊಂದು ಸಲ ಕೇಳಿದ್ದೆ. ಹನ್ನೊಂದು ಸಲವೂ ಒಂದೇ ಉತ್ತರ.

"ಎಂಬತ್ರಾಚೆ ಒಂದ್ ದಪಾನಾದ್ರೂ ಓಡ್ಸಿದ್ದೀಯಾ ನೀನು? ಗವರ್ನರ್ ಇರೋ ಗಾಡೀಲಿ ಕಲ್ತೋರ್ ಕಾಲು ಎಂಬತ್ತಕ್ಕೇ ನಿಂತೋಯ್ತದೆ ಕಣಮ್ಮಿ. ಅದು ಕಿರುಗಾವಲು ರಸ್ತೆ ಅಲ್ಲ."

ಗವರ್ನರ್ ಎಂದರೆ ಬಾಡಿಗೆ ಕಾರುಗಳಿಗೆ ಕಡ್ಡಾಯವಾಗಿ ಹಾಕುವ ಅಂಗೈಯಷ್ಟು ಪೆಟ್ಟಿಗೆ. ಆಕ್ಸಿಲರೇಟರಿನ ವೈರಿಗೆ ಸೇರಿಸಿರುತ್ತಾರೆ. ಗಂಟೆಗೆ ಎಂಬತ್ತು ಕಿಲೋಮೀಟರ್ ಮುಟ್ಟಿತೋ, ಪೆಡಲು ಸತ್ತಂತಾಗುತ್ತದೆ. ಒತ್ತಿದರೂ ಒಂದೇ, ಬಿಟ್ಟರೂ ಒಂದೇ. ನಮ್ಮ ಕಡೆ ಇದಕ್ಕೊಂದು ಪದ್ಧತಿಯಿದೆ. ಕಾರನ್ನು ಎಫ್.ಸಿ.ಗೆ, ಅಂದರೆ ಸಾರಿಗೆ ಕಚೇರಿಯ ತಪಾಸಣೆಗೆ, ಒಯ್ಯುವ ಹಿಂದಿನ ದಿನ ಮೆಕ್ಯಾನಿಕ್ ವೈರು ಸೇರಿಸುತ್ತಾನೆ. ತಪಾಸಣೆ ಮುಗಿದ ಮರುದಿನ ಬಿಡಿಸುತ್ತಾನೆ. ಹಬ್ಬಕ್ಕೆ ಸುಣ್ಣ ಬಳಿದಷ್ಟೇ ಸಹಜವಾಗಿ ಇದು ನಡೆಯುತ್ತದೆ. ನನ್ನ ಕಾರಿನದನ್ನು ಮಾತ್ರ ಯಾರೂ ಬಿಡಿಸಲಿಲ್ಲ. ಹಲಗೂರಿನ ರಸ್ತೆಯಲ್ಲಿ ಎಂಬತ್ತು ಮುಟ್ಟುವವರು ಯಾರು?

ಮಾವನ ಮಗಳು ಸಿಂಧು ಜಪಾನಿನ ಕಕೆಗಾವಾ ಎಂಬ ಊರಿನ ವೃದ್ಧಾಶ್ರಮದಲ್ಲಿ ಅಜ್ಜ ಅಜ್ಜಿಯರ ಆರೈಕೆ ಮಾಡುತ್ತಾಳೆ. ಮೂರು ವರ್ಷದಿಂದ ಬಂದಿರಲಿಲ್ಲ. ನೋಡಿಕೊಂಡು ಬರೋಣವೆಂದು ಮಾವ ಹೊರಟರು. ಅತ್ತೆಗೆ ವಿಮಾನವೆಂದರೆ ಭಯ, ಹಾಗಾಗಿ ಜೊತೆಗೆ ನಾನು. ಅಲ್ಲಿ ಬಾಡಿಗೆಗೆ ಕಾರು ಸಿಗುತ್ತದೆ ಎಂದು ಸಿಂಧು ಹೇಳಿದ ದಿನದಿಂದ ಮಾವನ ನಡಿಗೆಯೇ ಬದಲಾಯಿತು.

"ಅಲ್ಲಿ ನಾನ್ ಓಡ್ಸ್ತೀನಿ. ನೀನು ಪಕ್ದಲ್ ಕೂತ್ಕೊಂಡು ನೋಡಿ ಕಲಿ."

ವಿದೇಶದಲ್ಲಿ ಓಡಿಸಲು ಬೇಕಾದ ಪರ್ಮಿಟ್ಟನ್ನು ನಾನು ಮಂಡ್ಯಕ್ಕೆ ಹೋಗಿ ಮಾಡಿಸಿಕೊಂಡೆ. ನೀವೂ ಮಾಡಿಸಿ ಎಂದು ಮಾವನಿಗೆ ಮೂರು ಸಲ ಹೇಳಿದೆ. ಅರ್ಜಿಗೆ ವೈದ್ಯರ ಸಹಿ ಬೇಕು, ಕಣ್ಣು ಕಿವಿ ನೋಡಿ ಬರೆದುಕೊಡುತ್ತಾರೆ, ಅರ್ಧ ದಿನದ ಕೆಲಸ ಎಂದೆ. ಮಾವ ಜೇಬಿನಿಂದ ಟ್ಯಾಕ್ಸಿ ಚಾಲಕರಿಗೆ ಕೊಡುವ ಹಳೆಯ ಹಿತ್ತಾಳೆ ಬ್ಯಾಡ್ಜ್ ತೆಗೆದು ಎದೆಗೆ ಹಿಡಿದರು.

"ಬ್ಯಾಡ್ಜ್ ಇರೋನ್ಗೆ ಯಾವ್ ಪರ್ಮಿಟ್ಟು? ಮೂವತ್ನಾಕ್ ವರ್ಸದ್ ಸರ್ವಿಸ್ ಐತೆ ಇದ್ರಲ್ಲಿ."

ನವೆಂಬರ್ ೮, ಶನಿವಾರ: ಕಕೆಗಾವಾ

ನಗೋಯಾ ವಿಮಾನ ನಿಲ್ದಾಣದಲ್ಲಿ ಸುಂಕದ ಅಧಿಕಾರಿ ನಮ್ಮ ಚೀಲದಿಂದ ನಾಲ್ಕು ಕಿಲೋ ರಾಗಿ ಹಿಟ್ಟು ಹೊರತೆಗೆದು ಇದೇನು ಎಂದು ಕೈಸನ್ನೆ ಮಾಡಿದ. ನಾನು ಫೋನಿನಲ್ಲಿ ರಾಗಿಗೆ ಜಪಾನಿ ಪದ ಹುಡುಕುವಷ್ಟರಲ್ಲಿ ಮಾವ ಗಾಳಿಯಲ್ಲೇ ಮುದ್ದೆ ಕಟ್ಟಿ, ಮುರಿದು, ಬಾಯಿಗಿಟ್ಟು ಗಂಟಲು ತೋರಿಸಿದರು. "ಅಗೀಬಾರ್ದು, ನುಂಗ್ಬೇಕು" ಎಂದು ಕನ್ನಡದಲ್ಲೇ ಎಚ್ಚರಿಸಿದರು. ಅಧಿಕಾರಿ ಗಂಭೀರವಾಗಿ ತಲೆ ಬಾಗಿಸಿ ಚೀಲ ಮುಚ್ಚಿಕೊಟ್ಟ.

ಸಿಂಧುವಿನ ಕೋಣೆ ನಮ್ಮ ಚಿಕ್ಕ ಕಾರಿನ ಎರಡರಷ್ಟಿದೆ. ಅಪ್ಪನನ್ನು ಕಂಡಾಗ ಅವಳು ಅಳಲಿಲ್ಲ. "ಇಷ್ಟು ಸಣ್ಣಗಾಗಿದ್ದೀರಲ್ಲ, ಸಕ್ಕರೆ ಚೆಕ್ ಮಾಡಿಸಿದ್ರಾ?" ಎಂದು ಕೇಳಿದಳು. ಮಾವ ಮಾತು ಮರೆಸಲು ಅಲ್ಲಿನ ಅಂಟು ಅನ್ನವನ್ನು ಉಂಡೆ ಮಾಡಿ, "ಈ ಜನ ಅನ್ನದಲ್ಲೇ ಮುದ್ದೆ ಕಟ್ಟವ್ರಲ್ಲ" ಎಂದು ಮೆಚ್ಚಿಕೊಂಡರು.

ಊಟ ಮಾಡುತ್ತ ನಾನು ಹನ್ನೆರಡನೇ ಸಲ ಬೆಂಗಳೂರಿನ ದಾರಿ ಕೇಳಿದೆ. ಮಗಳ ಎದುರಿಗೆ ಇಲ್ಲ ಎನ್ನಲು ಮಾವನಿಗೆ ಕಷ್ಟವಾಯಿತು. "ನೋಡಾನ" ಎಂದರು. ಡೈರಿಯಲ್ಲಿ ಆ ಪದವನ್ನೇ ಬರೆದುಕೊಂಡೆ.

ನವೆಂಬರ್ ೯, ಭಾನುವಾರ: ಬಾಡಿಗೆ ಕಾರಿನ ಕೌಂಟರು

ಕೌಂಟರಿನಲ್ಲಿದ್ದ ಹೆಂಗಸಿಗೆ ಮಾವ ಎರಡೂ ಕೈಯಿಂದ ಬ್ಯಾಡ್ಜ್ ಕೊಟ್ಟರು. ಆಕೆಯೂ ಎರಡೂ ಕೈಯಿಂದ ತೆಗೆದುಕೊಂಡು, ತಲೆಬಾಗಿ, ಹಿಂದೆ ಮುಂದೆ ನೋಡಿ, ಒಳಗೆ ಹೋಗಿ ಇನ್ನಿಬ್ಬರಿಗೆ ತೋರಿಸಿದಳು. ಮೂವರೂ ಬಂದು ತಲೆಬಾಗಿದರು. ಮಾವ ನನ್ನ ಕಡೆ ತಿರುಗಿ "ನೋಡ್ದಾ?" ಎಂದರು. ಆಮೇಲೆ ಆಕೆ ಅದನ್ನು ಚಿಕ್ಕ ಟ್ರೇಯಲ್ಲಿಟ್ಟು ಹಿಂದಿರುಗಿಸಿ ಮೃದುವಾಗಿ ಏನೋ ಹೇಳಿದಳು. ಸಿಂಧು ತರ್ಜುಮೆ ಮಾಡಿದಳು: "ತುಂಬಾ ಚೆನ್ನಾಗಿದೆಯಂತೆ ಅಪ್ಪ. ಆದ್ರೆ ಗಾಡಿ ಕೊಡಕ್ಕಾಗಲ್ವಂತೆ."

ಹೀಗೆ ಕೀಲಿ ನನ್ನ ಕೈಗೆ ಬಂತು.

ಹೊರಗೆ ನಿಂತಿದ್ದ ಕಾರನ್ನು ಕಂಡು ಮಾವ ಬೆಚ್ಚಿದರು. ಹಳದಿ ಬೋರ್ಡು. "ಇಲ್ಲೂ ಟ್ಯಾಕ್ಸೀನಾ ಕೊಡೋದು?" ಅಲ್ಲ. ಆ ದೇಶದಲ್ಲಿ ಅತಿ ಚಿಕ್ಕ ಎಂಜಿನ್ನಿನ ಕಾರುಗಳಿಗೆ, ಮನೆಯ ಕಾರಾದರೂ, ಹಳದಿ ಬೋರ್ಡು. ತರಕಾರಿ ತರುವ ಅಜ್ಜಿಯೂ ಹಳದಿ ಬೋರ್ಡಿನಲ್ಲೇ ಬರುತ್ತಾಳೆ. ನಾಲ್ಕು ವರ್ಷದಿಂದ ಆ ಬಣ್ಣ ಹೊತ್ತು ಓಡಾಡಿದವಳಿಗೆ ಅದು ಯಾರ ದರ್ಜೆಯನ್ನೂ ಹೇಳದ ಜಾಗದಲ್ಲಿ ನಿಂತದ್ದು ಹಿತವಾಗಿತ್ತು.

"ಗವರ್ನರ್ ಎಷ್ಟಕ್ಕೆ ಕಟ್ಟವ್ರೆ ಕೇಳು" ಎಂದರು ಮಾವ.

ಕೌಂಟರಿನ ಹೆಂಗಸು ಒಳಗೆ ಹೋಗಿ ಮೆಕ್ಯಾನಿಕ್ಕನ್ನು ವಿಚಾರಿಸಿ ಬಂದಳು. ನೂರನಲವತ್ತಂತೆ. ಅದರಾಚೆ ಹೋಗದಂತೆ ಕಾರು ಮಾಡುವಲ್ಲೇ ಎಂಜಿನ್ನಿನ ಕಂಪ್ಯೂಟರಿಗೆ ಹೇಳಿಟ್ಟಿರುತ್ತಾರಂತೆ. "ಆದ್ರೆ ಇಲ್ಲಿ ಯಾರೂ ಅಷ್ಟು ಓಡಿಸಿ ನೋಡಿಲ್ಲವಂತೆ, ಕ್ಷಮಿಸಬೇಕಂತೆ" ಎಂದಳು ಸಿಂಧು.

"ಯಾರೂ ಓಡ್ಸ್‌ದೇ ಇರೋ ಸ್ಪೀಡ್ಗೆ ಯಾಕ್ಲಾ ಬೀಗ ಆಕವ್ರೆ ಇವ್ರು?" ಮಾವ ಯಾರನ್ನೂ ಉದ್ದೇಶಿಸದೆ ಕೇಳಿದರು. ನನಗೂ ಅದು ಒಳ್ಳೆಯ ಪ್ರಶ್ನೆ ಎನಿಸಿತು.

ನವೆಂಬರ್ ೧೦, ಸೋಮವಾರ: ಚಹಾ ತೋಟಗಳ ನಡುವೆ

ಸಿಂಧುವಿಗೆ ಕೆಲಸ, ನಾವಿಬ್ಬರೇ ಹೊರಟೆವು. ರಸ್ತೆಯ ಎಡಬದಿಗೆ ಓಡಿಸುವುದು ನಮ್ಮಂತೆಯೇ. ಆದರೆ ಇಂಡಿಕೇಟರಿನ ಕಡ್ಡಿ ಬಲಗಡೆ, ವೈಪರಿನದು ಎಡಗಡೆ. ತಿರುವು ಬಂದಾಗಲೆಲ್ಲ ಒಣ ಗಾಜಿನ ಮೇಲೆ ವೈಪರ್ ಓಡಾಡಿತು. ಆ ದಿನ ಹದಿನೇಳು ಸಲ. ಹಿಂದಿದ್ದವರು ಒಬ್ಬರೂ ಹಾರ್ನ್ ಹೊಡೆಯಲಿಲ್ಲ. ಆರು ಗಂಟೆಯಲ್ಲಿ ನಾನು ಕೇಳಿದ ಹಾರ್ನ್ ಒಂದೇ. ಅದೂ ನಮ್ಮದೇ, ಮಾವ ಪಕ್ಕದಿಂದ ಕೈಚಾಚಿ ಹೊಡೆದದ್ದು.

"ಸತ್ತೋದ್ ಊರಂಗೈತೆ. ಬದ್ಕಿದ್ದೀವಿ ಅಂತ ಗೊತ್ತಾಗ್ಬೇಡ್ವಾ?"

ಒಂದು ಕಡೆ ಪಕ್ಕದ ರಸ್ತೆಯಿಂದ ಬಂದ ಕಾರಿಗೆ ದಾರಿ ಬಿಟ್ಟೆ. ಅದು ಮುಂದೆ ಸೇರಿ, ನಾಲ್ಕೂ ದೀಪಗಳನ್ನು ಎರಡು ಸಲ ಮಿಣುಕಿಸಿತು. "ಗಾಡಿ ಕೆಟ್ಟೋಯ್ತು, ಸೈಡ್ಗಾಕು" ಎಂದರು ಮಾವ. ಅದು ಧನ್ಯವಾದವೆಂದು ನಾಲ್ಕನೇ ಕಾರಿನ ಹೊತ್ತಿಗೆ ತಿಳಿಯಿತು. ನಮ್ಮಲ್ಲಿ ನಾಲ್ಕು ದೀಪ ಮಿಣುಕಿದರೆ ಗಾಡಿ ಕೆಟ್ಟಿರಬೇಕು, ಇಲ್ಲವೇ ಮದುವೆ ದಿಬ್ಬಣವಿರಬೇಕು, ಇಲ್ಲವೇ ಸರ್ಕಲ್‌ನಲ್ಲಿ ನೇರ ಹೋಗುತ್ತೇನೆ ಎನ್ನುವ ಲಾರಿಯಿರಬೇಕು. ಉಪಕಾರ ನೆನೆಯಲು ದೀಪ ಹಾಕಿದವರನ್ನು ನಾನು ಕಂಡಿಲ್ಲ.

ಕಾರು ಸ್ಟಾರ್ಟ್ ಮಾಡಿದಾಗಲೆಲ್ಲ ಒಳಗಿನಿಂದ ಒಬ್ಬ ಹೆಣ್ಣುಮಗಳು ಇಂಪಾಗಿ ಏನೋ ಹೇಳುತ್ತಿದ್ದಳು. ಮಾವ ಅದನ್ನು ಶುಭಪ್ರಯಾಣವೆಂದು ತಿಳಿದು ಎರಡು ದಿನ ಕೈಮುಗಿದರು. ಟೋಲ್ ಕಾರ್ಡ್ ಹಾಕಿಲ್ಲ ಎಂದು ಅವಳು ಗೊಣಗುತ್ತಿದ್ದಳಂತೆ. ಸಿಂಧು ಹೇಳಿದ ಮೇಲೂ ಮಾವ ಕೈಮುಗಿಯುವುದನ್ನು ಬಿಡಲಿಲ್ಲ.

ಮಾವನಿಗೆ ನಾನೊಂದು ಕೆಲಸ ಕೊಟ್ಟಿದ್ದೆ. ವೇಗದ ಮಿತಿಯ ಬೋರ್ಡುಗಳನ್ನು ಓದಿ ಹೇಳುವುದು. ಭಾಷೆ ಬಾರದಿದ್ದರೇನು, ಅಂಕಿಗಳು ಒಂದೇ. ಆ ಊರುಗಳಲ್ಲಿ ಮಿತಿಯನ್ನು ರಸ್ತೆಯ ಮೇಲೂ ಆಳೆತ್ತರದ ಹಳದಿ ಅಂಕಿಗಳಲ್ಲಿ ಬರೆದಿರುತ್ತಾರೆ. "ನಲವತ್ತು", "ಐವತ್ತು" ಎಂದು ಮಾವ ಕೂಗಿದರು. ಹನ್ನೆರಡರಲ್ಲಿ ಹನ್ನೊಂದು ಸರಿ.

ಸಂಜೆ ಸಿಂಧು ನಕ್ಷೆ ಬಿಡಿಸಿ ಮರುದಿನದ ದಾರಿ ತೋರಿಸಿದಳು. ಫುಜಿ ಪರ್ವತದ ಕಡೆ ಹೋಗುವ ಹೊಸ ಹೆದ್ದಾರಿ. ಅದರಲ್ಲಿ ಕಾರುಗಳಿಗೆ ಮಿತಿ ನೂರಿಪ್ಪತ್ತು, ಹಳದಿ ಬೋರ್ಡಿಗೂ ಅಷ್ಟೇ.

ಮಾವ ಚಹಾ ಲೋಟ ಕೆಳಗಿಟ್ಟರು. "ಕೇಳಮ್ಮಿ. ಗಾಡಿ ನೂರನಲ್ವತ್ತು ಬುಡ್ತದೆ. ನಾಳೆ ನೂರನಲ್ವತ್ತು ಮುಟ್ಟುಸ್ಬುಡು. ಗವರ್ನರ್ ಇಡ್ಕೊಂಡಿದ್ದು ನಂಗ್ ಗೊತ್ತಾಗ್ಬೇಕು. ಊರ್ಗೋದ್ ಮಾರ್ನೇ ದಿನ ಬೆಂಗಳೂರ್ ದಾರಿ ನಿಂದು. ಮುಟ್ಟುಸ್ನಿಲ್ವಾ, ಇನ್ನೊಂದ್ ದಪ ಕೇಳ್ಬೇಡ."

"ಅಪ್ಪ, ಪೊಲೀಸ್ರು ಹಿಡಿದ್ರೆ ಬರೀ ದಂಡ ಅಲ್ಲ, ಕೇಸಾಗುತ್ತೆ" ಎಂದಳು ಸಿಂಧು.

"ಎಲ್ಡ್ ನಿಮ್ಸ. ಎಲ್ಡ್ ನಿಮ್ಸದಲ್ಲಿ ಯಾವನ್ ಇಡೀತಾನೆ?"

ನವೆಂಬರ್ ೧೧, ಮಂಗಳವಾರ: ಹೆದ್ದಾರಿ, ಪೂರ್ವಕ್ಕೆ

ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಹೆದ್ದಾರಿ ಸೇರಿದೆವು. ಎಂಬತ್ತರ ತನಕ ಎಲ್ಲವೂ ಗೊತ್ತಿದ್ದದ್ದೇ. ಎಂಬತ್ತರಲ್ಲಿ ನನ್ನ ಪಾದ ತಾನಾಗಿಯೇ ಸಡಿಲವಾಯಿತು. ಅಲ್ಲಿ ಗೋಡೆಯಿದೆ ಎಂದು ಅದು ನಾಲ್ಕು ವರ್ಷದಿಂದ ನಂಬಿತ್ತು. ಮಾವನ ಮಾತು ಸುಳ್ಳಲ್ಲ ಎಂದು ಆ ಕ್ಷಣ ಒಪ್ಪಿಕೊಂಡೆ, ಮನಸ್ಸಿನಲ್ಲಿ ಮಾತ್ರ. ಆಮೇಲೆ ಒತ್ತಿದೆ. ಎಂಬತ್ತೊಂದು ಬಂತು. ಏನೂ ಆಗಲಿಲ್ಲ. ತೊಂಬತ್ತು, ನೂರು. ಎಂಜಿನ್ ಹೊಲಿಗೆ ಯಂತ್ರದಂತೆ ಕಿರುಗುಟ್ಟಿತು. ನೂರಹತ್ತರಲ್ಲಿ ಸ್ಟೀರಿಂಗ್ ಹಗುರವಾಯಿತು, ಸೇತುವೆಯ ಮೇಲೆ ಗಾಳಿ ಕಾರನ್ನು ಒಂದು ಗೇಣು ಪಕ್ಕಕ್ಕೆ ಸರಿಸಿತು. ಒಂಬತ್ತು ಇಪ್ಪತ್ತಾರಕ್ಕೆ ನೂರಿಪ್ಪತ್ತು.

ಸುಳ್ಳು ಹೇಳುವುದಿಲ್ಲ. ಖುಷಿಯಾಯಿತು. ತೊಂಬತ್ತರಲ್ಲಿ ಸಾಲಾಗಿ ಹೋಗುತ್ತಿದ್ದ ಲಾರಿಗಳನ್ನು ಹಿಂದೆ ಹಾಕಿದೆ, ಒಟ್ಟು ಇಪ್ಪತ್ತೆಂಟು. ಸುರಂಗ ಒಂದಾದ ಮೇಲೊಂದು ಬಂದವು. ಒಂದು ಸುರಂಗದಿಂದ ಹೊರಬಂದಾಗ ಎಡಕ್ಕೆ ಫುಜಿ ಪರ್ವತ ತಲೆಗೆ ಬಿಳಿ ಟವಲು ಸುತ್ತಿಕೊಂಡು ಕೂತಿತ್ತು. ನಾನು ಒಂದೇ ಸಲ ನೋಡಿದೆ. ಎರಡನೇ ಸಲ ನೋಡುವ ವೇಗ ಅದಲ್ಲ.

"ಇನ್ನಿಪ್ಪತ್ತು" ಎಂದರು ಮಾವ.

"ಬೋರ್ಡ್ ಎಷ್ಟಿದೆ ಮಾವ?"

"ನೂರಿಪ್ಪತ್ತು. ಅದ್ ಬುಡು, ಒತ್ತು."

ನಮ್ಮ ಹೆದ್ದಾರಿಯಲ್ಲಿ ಕಾನೂನು ಕಾರಿಗೆ ನೂರು ಕೊಡುತ್ತದೆ, ಪೆಟ್ಟಿಗೆ ನನಗೆ ಎಂಬತ್ತೇ ಕೊಡುತ್ತದೆ. ನನ್ನ ವಿವೇಕಕ್ಕೆ ಅಲ್ಲಿ ಕೆಲಸವೇ ಇಲ್ಲ. ಇಲ್ಲಿ ಕಾನೂನು ನೂರಿಪ್ಪತ್ತು, ಪೆಟ್ಟಿಗೆ ನೂರನಲವತ್ತು. ನಡುವಿನ ಇಪ್ಪತ್ತನ್ನು ಯಾವ ಯಂತ್ರವೂ ಕಾಯುತ್ತಿಲ್ಲ. ಪಕ್ಕದಲ್ಲಿ ಹೋಗುತ್ತಿದ್ದವರೆಲ್ಲ ಅದನ್ನು ತಮ್ಮ ಪಾದದಲ್ಲೇ ಕಾಯ್ದುಕೊಂಡಿದ್ದರು. ನನ್ನ ಪಾದವೇನು ಅವರಿಗಿಂತ ಕಡಿಮೆಯೇ?

"ಒತ್ತಲ್ಲ ಮಾವ."

"ಎದ್ರುಕೊಂಡ್ಯಾ?"

"ಹೆದರಿದ್ರೆ ನೂರಿಪ್ಪತ್ತು ಬತ್ತಿತ್ತಾ?"

"ಆಯ್ತು ಬುಡು. ಕಿರುಗಾವಲೇ ಗಟ್ಟಿ ನಿಂಗೆ."

ಆಮೇಲಿನ ಅರ್ಧ ಗಂಟೆಯೂ ನೂರಿಪ್ಪತ್ತು, ನೂರಿಪ್ಪತ್ತು ಎಂದು ಬೋರ್ಡು ಕೂಗುವುದನ್ನು ಮಾತ್ರ ಮಾವ ನಿಲ್ಲಿಸಲಿಲ್ಲ.

ಅದೇ ದಿನ: ಸಮುದ್ರ ಕಾಣುವ ತಂಗುದಾಣ

ನುಮಾಜು ಊರಿನ ಮೇಲಿರುವ ತಂಗುದಾಣದಲ್ಲಿ ಊಟಕ್ಕೆ ಇಳಿದೆವು. ಕೆಳಗೆ ಸಮುದ್ರ. ಶೌಚಾಲಯದ ಬಾಗಿಲಲ್ಲಿ ಯಾವ ಕೋಣೆ ಖಾಲಿ, ಯಾವುದು ಭರ್ತಿ ಎಂದು ತೋರಿಸುವ ದೊಡ್ಡ ಪರದೆಯಿದೆ. ಮಾವ ಅದರೆದುರು ಬಹಳ ಹೊತ್ತು ನಿಂತು, ಕೊನೆಗೆ ಭರ್ತಿಯಾಗಿದ್ದ ಕೋಣೆಯ ಬಾಗಿಲು ತಟ್ಟಿ ಬೈಸಿಕೊಂಡು ಬಂದರು. ಬೈದವನೂ ಕ್ಷಮೆ ಕೇಳಿಯೇ ಬೈದನಂತೆ.

ಒಳಗೆ ಆ ಕರಾವಳಿಯ ಒಣಮೀನು, ಆ ಬೆಟ್ಟಗಳ ಚಹಾ, ಸುತ್ತಲಿನ ಊರುಗಳ ತಿಂಡಿ. ಹೆದ್ದಾರಿ ಪ್ರತಿ ಊರನ್ನೂ ಕರೆದು ಒಂದೊಂದು ಅಂಗಡಿ ಕೊಟ್ಟು ಕೂರಿಸಿದಂತಿತ್ತು. ಮಾವನಿಗೆ ಕೋಪದ ನಡುವೆಯೂ ಮಾತಾಡದಿರಲು ಆಗಲಿಲ್ಲ.

"ನಮ್ ಕಡೆ ರಸ್ತೆ ಮದ್ದೂರ್ನೇ ಬುಟ್ಟು ಓಯ್ತು. ಮೊದ್ಲು ವಡೆ ತಿನ್ನಕ್ಕೆ ಗಿರಾಕಿ ತಾವೇ ನಿಲ್ಸಿ ಅನ್ನೋರು. ಈಗ ಮದ್ದೂರು ಬಂದಿದ್ದೂ ಗೊತ್ತಾಗಕಿಲ್ಲ, ಓಗಿದ್ದೂ ಗೊತ್ತಾಗಕಿಲ್ಲ."

ಆಗ ಅದು ಬರೀ ವಡೆಯ ಮಾತು ಎಂದುಕೊಂಡೆ.

ಅದೇ ದಿನ: ಹೆದ್ದಾರಿ, ಪಶ್ಚಿಮಕ್ಕೆ

ವಾಪಸಾಗುವಾಗ ಮಳೆ ಹಿಡಿಯಿತು. ಆ ಹೆದ್ದಾರಿಯ ಬೋರ್ಡುಗಳು ವಿದ್ಯುತ್ತಿನವು, ಹವಾಮಾನ ನೋಡಿ ಅಂಕಿ ಬದಲಾಗುತ್ತದೆ. ಒಂದು ಸುರಂಗ ದಾಟಿದೊಡನೆ ದೂರದಲ್ಲಿ, ರಸ್ತೆಯ ಮೇಲೆ, ಕಪ್ಪು ಚೌಕದಲ್ಲಿ ಅಂಕಿ ಉರಿಯುತ್ತಿತ್ತು.

"ನೂರಿಪ್ಪತ್ತು" ಎಂದರು ಮಾವ.

ಅದು ಎಂಬತ್ತು. ಮೂರಂಕಿಯಲ್ಲ, ಎರಡಂಕಿ. ನಾನು ಪಾದ ಎತ್ತಿದೆ. ಸುತ್ತಲಿನ ಕಾರುಗಳೆಲ್ಲ ಒಟ್ಟಿಗೆ ನಿಧಾನವಾದವು.

"ಯಾಕ್ ನಿಲ್ಸ್ತಿದ್ದೀಯಾ?"

"ಎಂಬತ್ತು ಅಂತ ಇದೆ ಮಾವ."

"ಎಲ್ಲೈತೆ?"

ಆ ಹೊತ್ತಿಗೆ ಬೋರ್ಡು ನಮ್ಮ ನೆತ್ತಿಯ ಮೇಲೆ ಬಂದಿತ್ತು. ಮಾವ ಕುತ್ತಿಗೆ ಎತ್ತಿ ನೋಡಿದರು. ಅದು ಹಿಂದಾಯಿತು. ಮುಂದಿನದನ್ನು ಮಾವ ಕೂ‌ಗಲೇ ಇಲ್ಲ. ಅದರ ಮುಂದಿನದಕ್ಕೆ, ನನ್ನ ಪಾದದ ಕಡೆ ಕಣ್ಣು ಹಾಯಿಸಿ, "ಎಂಬತ್ತು" ಎಂದರು. ಅಲ್ಲಿ ಐವತ್ತು ಇತ್ತು.

ಬೆಳಿಗ್ಗೆಯಿಂದ ಮಾವ ಹೇಳಿದ ನೂರಿಪ್ಪತ್ತುಗಳು ಇಪ್ಪತ್ತಮೂರು. ಒಂದನ್ನೂ ಓದಿರಲಿಲ್ಲ.

ಅದೇ ದಿನ: ಶಿಜುಒಕಾ ತಂಗುದಾಣ

ಕಾರು ನಿಲ್ಲಿಸಿ ಬಿಸಿ ಚಹಾ ತರಲು ಹೋದೆ. ಬರುವಷ್ಟರಲ್ಲಿ ಮಾವ ನನ್ನ ಸೀಟಿನಲ್ಲಿ ಕೂತು, ಬೆಲ್ಟ್ ಹಾಕಿಕೊಂಡು, ಸ್ಟಾರ್ಟ್ ಗುಂಡಿ ಒತ್ತುತ್ತಿದ್ದರು. ಕಾರು ಪೀಂ ಎಂದು ಕೆಂಪು ಕೀಲಿಯ ಚಿತ್ರ ತೋರಿಸುತ್ತಿತ್ತು. ಕೀಲಿ ಹತ್ತಿರವಿಲ್ಲದೆ ಅದು ಏಳುವುದಿಲ್ಲ.

"ಕೀ ಎಲ್ಲೈತೆ?"

"ನನ್ ಬ್ಯಾಗಲ್ಲಿ. ಇಳೀರಿ ಮಾವ."

"ಕೊಡಿಲ್ಲಿ. ನಿನ್ ಎತ್ತಿನ್ ಗಾಡಿ ಸಾಕಾಗೈತೆ ನಂಗೆ."

"ಕೊಡಲ್ಲ."

ಮಾವ ನನ್ನನ್ನು ನೋಡಿದರು. ನನ್ನ ಜೀವನದಲ್ಲಿ ಅವರಿಗೆ ಆ ಪದ ಹೇಳಿದ್ದು ಅದೇ ಮೊದಲು. ಮಳೆ ನನ್ನ ತಲೆಯ ಮೇಲೆ ಬೀಳುತ್ತಿತ್ತು, ಎರಡೂ ಕೈಯಲ್ಲಿ ಚಹಾ. ಇಪ್ಪತ್ತು ಹೆಜ್ಜೆ ಆಚೆ ಒಂದು ಲಾರಿ ನಿಂತಿತ್ತು. ಜಪಾನಿನ ನಂಬರ್ ಪ್ಲೇಟಿನಲ್ಲಿ ನಾಲ್ಕು ಅಂಕಿಗಳು ಅಂಗೈಯಷ್ಟು ದೊಡ್ಡದಾಗಿರುತ್ತವೆ.

"ಆ ಲಾರಿ ನಂಬರ್ ಓದಿ. ಓದಿದ್ರೆ ಕೀ ಕೊಡ್ತೀನಿ, ಕೇಸಾದ್ರೆ ನನ್ ಮೇಲಾಗ್ಲಿ."

"ಜಪಾನಿ ಅಕ್ಸರ ನಂಗೆಲ್ ಬತ್ತದೆ?"

"ಅಂಕಿ ನಮ್ದೇ."

ಮಾವ ಕಣ್ಣು ಕಿರಿದು ಮಾಡಿದರು. ಬಲಗೈಯಿಂದ ಎಡಗಣ್ಣು ಮುಚ್ಚಿಕೊಂಡು ನೋಡಿದರು. "ಮೂರು" ಎಂದರು. "ಮೂರು... ಅಲ್ಲ, ಎಂಟು." ಆಮೇಲೆ ಕೈ ಇಳಿಸಿ ಸ್ಟೀರಿಂಗ್ ಮೇಲಿಟ್ಟರು. ಪ್ಲೇಟಿನಲ್ಲಿ ಮೂರೂ ಇರಲಿಲ್ಲ, ಎಂಟೂ ಇರಲಿಲ್ಲ.

ನಾನು ಪಕ್ಕದ ಸೀಟಿಗೆ ಹೋಗಿ ಕೂತೆ. ಚಹಾ ಕೊಟ್ಟೆ.

"ಯಾವಾಗಿಂದ ಮಾವ?"

"ಯುಗಾದಿ ಕಳ್ದ್ ಮ್ಯಾಲೆ. ಎಡಗಣ್ಣಲ್ಲಿ ಒಗೆ ತುಂಬ್ದಂಗೆ. ಈಗ ಬಲಗಣ್ಗೂ ಸುರುವಾಗೈತೆ."

ಪರ್ಮಿಟ್ಟಿಗೆ ವೈದ್ಯರ ಸಹಿ ಬೇಕು ಎಂದಾಗ ಬ್ಯಾಡ್ಜ್ ತೆಗೆದು ಎದೆಗೆ ಹಿಡಿದದ್ದು ಯಾಕೆಂದು ಆಗ ಅರ್ಥವಾಯಿತು.

"ಪೊರೆ ಇರ್ಬೇಕು. ತೆಗೆಸಿದ್ರೆ ಸರಿ ಹೋಗ್ತದೆ. ಯಾಕ್ ಹೇಳ್ಲಿಲ್ಲ?"

"ಯೋಳಿದ್ರೆ? ನಂಜೇಗೌಡಂಗೆ ಕಣ್ ಕಾಣಕಿಲ್ವಂತೆ ಅಂತ ಒಬ್ಬ ಅಂದ್ರೆ ಸಾಕು, ಮಂಡ್ಯದಲ್ಲಿ ಯಾವನ್ ನನ್ ಗಾಡಿ ಅತ್ತಾನು?"

"ಮತ್ತೆ ಬೆಂಗಳೂರಿಗೆ ಹೆಂಗೆ ಓಡಿಸ್ತಿದ್ರಿ?"

"ಆ ರಸ್ತೇಗೆ ನಂಗೆ ಕಣ್ ಬೇಕಿಲ್ಲ ಕಣಮ್ಮಿ" ಎಂದರು ಮಾವ, ಈಗಲೂ ಸ್ವಲ್ಪ ಹೆಮ್ಮೆಯಿಂದ. "ಚನ್ನಪಟ್ಟಣ ಎಲ್ ಬತ್ತದೆ, ರಾಮನಗರ ಎಲ್ ಬತ್ತದೆ, ಕೂತಿರೋ ಸೀಟ್ಗೇ ಗೊತ್ತು."

"ನೂರಿಪ್ಪತ್ತರಲ್ಲಿ?"

"ನೂರಿಪ್ಪತ್ತರಲ್ಲಿ."

ಎರಡೂ ಕಾರುಗಳ ಟ್ರಿಪ್ ಶೀಟ್ ಬರೆಯುವವಳು ನಾನು. ಯಾರು, ಎಲ್ಲಿಂದ, ಎಷ್ಟು ಹೊತ್ತಿಗೆ. ಯುಗಾದಿಯಿಂದ ಈಚೆಗೆ ಮಾವನ ಕಾರು ಬೆಂಗಳೂರಿಗೆ ಹೋಗಿ ಬಂದದ್ದು ನೂರಹನ್ನೊಂದು ಸಲ. ಅದರಲ್ಲಿ ಬಾಣಂತಿಯೊಬ್ಬಳಿದ್ದಳು, ಪರೀಕ್ಷೆಗೆ ಹೊರಟ ಹುಡುಗಿಯರಿದ್ದರು, ಒಂದು ಸಲ ನನ್ನ ಅಮ್ಮನೇ ಇದ್ದಳು. ಅಷ್ಟೂ ಹೆಸರುಗಳು ನನ್ನ ಕೈಬರಹದಲ್ಲಿವೆ. ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಎರಡು ವರ್ಷದಿಂದ ನನ್ನ ಕಾಲನ್ನು ಆಡಿಕೊಂಡ ಮನುಷ್ಯ ಏಳು ತಿಂಗಳಿಂದ ಕಣ್ಣಿಲ್ಲದೆ ಓಡಿಸುತ್ತಿದ್ದ.

"ಊರಿಗೆ ಹೋದ ತಕ್ಷಣ ಕಣ್ಣು ತೋರಿಸ್ಬೇಕು" ಎಂದೆ. "ಅಲ್ಲಿವರೆಗೆ ನೀವು ಯಾವ ಗಾಡೀನೂ ಮುಟ್ಟಂಗಿಲ್ಲ. ಬೆಂಗಳೂರ್ ದಾರಿ ನಂದು. ಕಣ್ಣು ಸರಿ ಹೋದ್ಮೇಲೂ ವಾರದಲ್ಲಿ ಮೂರು ದಿನ ನಂದೇ. ಮತ್ತೆ ಆ ಗಾಡಿ ಗವರ್ನರ್ ವೈರು ಸೇರಿಸಿಯೇ ಓಡೋದು."

"ನೂರನಲ್ವತ್ತು ಮುಟ್ಟುಸ್ದೇನೇ ಕೇಳ್ತಿದ್ದೀಯಾ?"

"ಕೇಳ್ತಿಲ್ಲ ಮಾವ. ಹೇಳ್ತಿದ್ದೀನಿ."

"ಇಲ್ಲಾಂದ್ರೆ?"

"ಇಲ್ಲಾಂದ್ರೆ ಅತ್ತೆಗೆ ಹೇಳ್ತೀನಿ."

ಮಾವ ಚಹಾ ಮುಗಿಸಿದರು. ಆಮೇಲೆ ಬೆಲ್ಟ್ ಬಿಚ್ಚಿ ಇಳಿದು, ಮಳೆಯಲ್ಲಿ ಕಾರಿನ ಮುಂದಿನಿಂದ ಸುತ್ತಿ ಬಂದು, ನನ್ನ ಬಾಗಿಲು ತೆರೆದರು. "ಏಳು, ನಿನ್ ಸೀಟ್ಗೋಗು" ಎಂದರು.

ಕಕೆಗಾವಾದವರೆಗೂ ಮಳೆ ನಿಲ್ಲಲಿಲ್ಲ. ಬೋರ್ಡುಗಳನ್ನು ನಾನೇ ಓದಿಕೊಂಡೆ.

ನವೆಂಬರ್ ೨೮, ಶುಕ್ರವಾರ: ಮಂಡ್ಯ

ಮಾವನ ಎಡಗಣ್ಣಿನ ಪೊರೆಯನ್ನು ಇಪ್ಪತ್ತನಾಲ್ಕರಂದು ಮಂಡ್ಯದಲ್ಲಿ ತೆಗೆದರು. ಬಲಗಣ್ಣು ಮುಂದಿನ ತಿಂಗಳು. ಇಪ್ಪತ್ತೇಳಕ್ಕೆ ಮಾವನ ಕಾರಿನ ಎಫ್.ಸಿ. ಆಯಿತು. ಮರುದಿನ ಪದ್ಧತಿಯಂತೆ ಮೆಕ್ಯಾನಿಕ್ ಬಸವರಾಜಣ್ಣ ಕತ್ತರಿ ಹಿಡಿದು ಬಂದ. ಮಾವ ಕಪ್ಪು ಕನ್ನಡಕ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದರು.

"ವೈರ್ ಬುಡ್ಸ್‌ಬುಡ್ಲಾ ಗೌಡ್ರೆ?"

"ಬೇಡ ಬಸವರಾಜಣ್ಣ" ಎಂದೆ ನಾನು.

ಅವನು ನನ್ನನ್ನು ಕೇಳಿರಲೇ ಇಲ್ಲ. ಮಾವನ ಮುಖವನ್ನೇ ನೋಡಿದ. "ಐವೇಲಿ ಓಡೋ ಗಾಡಿ ಗೌಡ್ರೆ. ಎಂಬತ್ರಲ್ಲಿ ಓದ್ರೆ ಆಟೋದೋರೂ ನಗ್ತಾರೆ."

"ಆ ರೋಡ್ಗೆ ಆಟೋ ಬುಡಕಿಲ್ಲ" ಎಂದರು ಮಾವ. "ನನ್ ಯಾಕ್ಲಾ ನೋಡ್ತೀಯಾ? ಗಾಡಿ ಓಡ್ಸೋಳು ಅಲ್ ನಿಂತವ್ಳೆ."

ಬಸವರಾಜಣ್ಣ ಕತ್ತರಿಯನ್ನು ಜೇಬಿಗಿಳಿಸಿದ.

ಡಿಸೆಂಬರ್ ೩, ಬುಧವಾರ: ಬೆಂಗಳೂರಿನ ದಾರಿ

ನನ್ನ ಮೊದಲ ಗಿರಾಕಿ ಮಂಡ್ಯದ ಒಬ್ಬ ವಕೀಲರು. ಮಾವನ ಹಳೆಯ ಗಿರಾಕಿ. ಬೆಂಗಳೂರಿನಲ್ಲಿ ಅವರಿಗೊಂದು ಕೇಸು. ಮದ್ದೂರಿನ ಹತ್ತಿರ ಬಿಳಿ ಬೋರ್ಡಿನ ಕಾರೊಂದು ಗಾಳಿ ಎಬ್ಬಿಸಿಕೊಂಡು ನಮ್ಮನ್ನು ದಾಟಿತು. ನಾನು ಎಣಿಸುತ್ತಿದ್ದೆ, ಅದು ಮೂವತ್ತೊಂದನೆಯದು. ವಕೀಲರು ಮುಂದಕ್ಕೆ ಬಾಗಿ ಮೀಟರ್ ನೋಡಿದರು.

"ಏನಮ್ಮ, ಗಾಡಿ ಎಳೀತಿಲ್ವಾ?"

"ಎಳೀತದೆ ಸರ್."

"ನಿಮ್ಮ ಮಾವ ಆಗಿದ್ರೆ ಇಷ್ಟೊತ್ತಿಗೆ ಚನ್ನಪಟ್ಟಣ ದಾಟಿರೋರು."

"ನಿಮ್ಮ ಕೇಸ್ ಕರೆಯೋದು ಎಷ್ಟೊತ್ತಿಗೆ ಸರ್?"

"ಹನ್ನೊಂದಕ್ಕೆ."

"ಹತ್ತೂವರೆ ಒಳಗೆ ಇಳಿಸ್ತೀನಿ. ಅದಕ್ಕೂ ಮುಂಚೆ ಹೋಗಿ ಏನ್ ಮಾಡ್ತೀರಾ, ಕೋರ್ಟ್ ಕಸ ಗುಡಿಸ್ತೀರಾ?"

ಅವರು ಹಿಂದಕ್ಕೊರಗಿದರು. ಸ್ವಲ್ಪ ಹೊತ್ತಾದ ಮೇಲೆ ಕನ್ನಡಿಯಲ್ಲಿ ನೋಡಿದೆ. ಫೈಲು ಎದೆಯ ಮೇಲೆ, ಬಾಯಿ ತೆರೆದು ನಿದ್ದೆ. ಕೋರ್ಟಿನ ಗೇಟಿನಲ್ಲಿ ನಾನೇ ಎಬ್ಬಿಸಬೇಕಾಯಿತು. ಇಳಿದವರು ಮೊದಲು ತಮ್ಮ ಕೈಗಡಿಯಾರ ನೋಡಿಕೊಂಡರು, ಆಮೇಲೆ ನನ್ನನ್ನು. ಹತ್ತು ಇಪ್ಪತ್ತೇಳು. ಟ್ರಿಪ್ ಶೀಟಿನಲ್ಲಿ ಚಾಲಕರ ಹೆಸರಿನ ಎದುರು ನನ್ನ ಹೆಸರು ಬರೆದು ಅವರ ಸಹಿ ಹಾಕಿಸಿಕೊಂಡೆ.